ಮೊದಲ ಪಂಕ್ತಿಯ ಮೋಟಾರುಗಳು

ಕರೆಂಟು ಕಣ್ಣಿಗೆ ಕಾಣದ ಸಾಮಾನು. ಕಾಣದ ಸಾಮಾನಿನ ಮೇಲೆ ಬದುಕೋರು ಊರಲ್ಲಿ ಇಬ್ಬರೇ, ದೇವಸ್ಥಾನದ ಅಯ್ನೋರು ಮತ್ತು ನಾನು. ಅವರ ಹತ್ತಿರ ಹೋದವರು ಕೈ ಮುಗಿದು ಬರುತ್ತಾರೆ, ನನ್ನ ಹತ್ತಿರ ಬಂದವರು ಬೈದು ಹೋಗುತ್ತಾರೆ. ವ್ಯತ್ಯಾಸ ಅಷ್ಟೇ. ಅದಕ್ಕೇ ಇರಬೇಕು, ಅಯ್ನೋರ ಬದುಕಿನಲ್ಲಿ ಪವಾಡ ನಡೆದರೆ ನನ್ನ ಬದುಕಿನಲ್ಲಿ ಇಂಥ ಪ್ರಸಂಗಗಳು ನಡೀತಾನೇ ಇರುತ್ತವೆ. ಒಂದು ಮುಗೀತು ಅಂತ ಕೈ ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಫೋನ್ ಮಾಡುತ್ತೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನದೊಂದು ಅಂಗಡಿ. ಯುಪಿಎಸ್ಸು, ಸ್ಟೆಬಿಲೈಜರು, ಬ್ಯಾಟರಿ, ಸೋಲಾರು, ಮೋಟಾರಿನ ಪ್ಯಾನಲ್ಲು. ಒಟ್ಟಿನಲ್ಲಿ ಕರೆಂಟು ಹೋದರೆ ಕರೆಸೋದು, ಬಂದದ್ದು ಕುಣಿದಾಡಿದರೆ ಕೂರಿಸೋದು, ಜಾಸ್ತಿ ಇದ್ದಾಗ ಕೂಡಿಡೋದು ನನ್ನ ಕಸುಬು. ನನ್ನನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೊಗಳದೇ ಇರೋದರಿಂದ ಆ ಕೆಲಸವೂ ನನ್ನ ಮೇಲೇ ಬಿದ್ದಿದೆ. ನಾನು ಟೆಸ್ಟರ್ ಹಿಡಿದು ಕಂಬದ ಕೆಳಗೆ ಹೋಗಿ ನಿಂತರೆ ಸಾಕು, ಮೇಲಿನ ಜೋತಾಡುವ ತಂತಿ ನೆಟ್ಟಗಾಗುತ್ತೆ. ನಂಬದವರು ಕಂಬವನ್ನೇ ಕೇಳಬಹುದು.

ನನ್ನ ಬುದ್ಧಿಯನ್ನು ಮೊದಲು ಗುರುತಿಸಿದವರು ನಮ್ಮತ್ತೆ. ಗುಬ್ಬಿ ಕಡೆಯ ಒಂದು ತೆಂಗಿನ ತೋಟದ ಊರು ಅವರದು. ಹೆಸರು ಬರೆಯಲ್ಲ, ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತೆ. ಅವರಿಗೆ ಮೂವರು ಹೆಣ್ಣುಮಕ್ಕಳು, ಹಾಗಾಗಿ ಮೂವರು ಅಳಿಯಂದಿರು. ಹಿರಿಯವರು ಶಿರಾದಲ್ಲಿ ಬಟ್ಟೆ ಅಂಗಡಿ ಇಟ್ಟವರು, ಊಟಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯದವರು. ನಡುವಿನವನು ನಾನು. ಕಿರಿಯವರು ಕುಣಿಗಲ್ಲಿನ ಮೇಷ್ಟ್ರು. ಮೂರನೆಯವರ ಮದುವೆಯಾದ ವರ್ಷ ಒಂದು ದಿನ ಅತ್ತೆ ಅಡಿಗೆಮನೆ ಬಾಗಿಲಲ್ಲಿ ನನ್ನನ್ನು ತಡೆದು, ಆ ಕಡೆ ಈ ಕಡೆ ನೋಡಿ, ಕಿವಿಯಲ್ಲಿ ಹೇಳಿದರು: "ಅಳಿಯಂದ್ರೆ, ಮೂವರಲ್ಲಿ ನನಗೆ ನೀವೇ ಮೊದಲು. ಯಾರಿಗೂ ಹೇಳ್ಬೇಡಿ, ಉಳಿದೋರು ನೊಂದ್ಕೊತಾರೆ."

ನಾನು ಯಾರಿಗೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಇಲ್ಲಿ ಬರೀತಿದೀನಿ ಅಷ್ಟೇ.

ಆ ಮಾತಿನ ಗುರುತಾಗಿ ಅತ್ತೆ ಮನೆಯ ನಡುಮನೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ನನ್ನದು. ಕುರ್ಚಿ ಇದೆ, ಫ್ಯಾನೂ ಇದೆ, ಗಾಳಿ ಮಾತ್ರ ಇಲ್ಲ. ಆ ಊರಿನ ವೋಲ್ಟೇಜಿಗೆ ಫ್ಯಾನಿನ ರೆಕ್ಕೆ ಎಷ್ಟು ನಿಧಾನಕ್ಕೆ ತಿರುಗುತ್ತದೆಂದರೆ, ನೊಣ ಅದರ ಮೇಲೆ ಕೂತು ಮನೆಯನ್ನೆಲ್ಲ ಒಂದು ಸುತ್ತು ನೋಡಿ ತನ್ನ ಸ್ಟಾಪಿನಲ್ಲಿ ಇಳಿದುಕೊಂಡು ಹೋಗುತ್ತೆ. ಆದರೂ ಕುರ್ಚಿ ಕುರ್ಚಿಯೇ.

ಈ ವರ್ಷ ಬಿಸಿಲು ಏರುವ ಹೊತ್ತಿಗೆ ಆ ಊರಿನ ಟಿ.ಸಿ., ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು, ಮತ್ತೊಂದು ಸಲ ಸುಟ್ಟಿತು. ಹೋದ ಬೇಸಿಗೆಯಲ್ಲೂ ಸುಟ್ಟಿತ್ತು. ಹೊಸದನ್ನು ಕೂರಿಸಿ ಹೋಗುವಾಗ ಲೈನ್‌ಮನ್ ಎಚ್ಚರಿಕೆ ಕೊಟ್ಟನಂತೆ, ಇದೂ ಸುಟ್ಟರೆ ಮುಂದಿನದು ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ ಅಂತ. ತೋಟಕ್ಕೆ ನೀರು ನಿಂತರೆ ಹೊಸದಾಗಿ ಇಟ್ಟ ಸಸಿಗಳೆಲ್ಲ ಒಣಗುತ್ತವೆ. ನನ್ನ ಹೆಂಡತಿಯ ಅಣ್ಣ ಫೋನ್ ಮಾಡಿದ. ನಾವಿಬ್ಬರೂ ಒಬ್ಬರಿಗೊಬ್ಬರು ಭಾವ ಅಂತಲೇ ಕರೆದುಕೊಳ್ಳೋದು.

"ಭಾವ, ಯುಗಾದಿ ಒಳಗೆ ನೀವು ಬಂದು ಇದಕ್ಕೊಂದು ದಾರಿ ಮಾಡಿ. ಇಲ್ದಿದ್ರೆ ಕುಣಿಗಲ್ ಮೇಷ್ಟ್ರು ಯಾರನ್ನೋ ಕರ್ಕೊಂಡು ಬರ್ತಾರಂತೆ. ಅಮ್ಮನ ಹತ್ರ ಆಗ್ಲೇ ಹೇಳವ್ರೆ."

ನನಗೆ ಸಸಿಗಳೂ ಕಂಡವು, ಕುರ್ಚಿಯೂ ಕಂಡಿತು. ಯಾವುದು ಮೊದಲು ಕಂಡಿತು ಅಂತ ದಯವಿಟ್ಟು ಕೇಳಬೇಡಿ. ಯುಗಾದಿಗೆ ಫ್ಯಾನು ತಿರುಗಿಸಿಯೇ ಹೋಳಿಗೆ ತಿನ್ನುತ್ತೇನೆ ಅಂತ ಮಾತು ಕೊಟ್ಟೆ. ಕೊಟ್ಟ ಮೇಲೆ ಹೊರಡೋಕೆ ಬಿಟ್ಟರೆ ತಾನೇ?

ಬ್ಯಾಟರಿಗೆ ಸುಸ್ತು

ಮೊದಲು ಅಡ್ಡ ಬಂದವರು ನಮ್ಮದೇ ಬೀದಿಯ ಯಜಮಾನರು. ರಿಟೈರಾದವರು. ಯಾವುದನ್ನೇ ಆಗಲಿ ಕೇಳಿ, ಮತ್ತೆ ಕೇಳಿ, ಬಿಡಿಸಿ ಕೇಳಿ, ಆಮೇಲೆ ತಮಗೆ ತೋಚಿದ್ದನ್ನೇ ಮಾಡುವವರು. ಅವರ ಮನೆ ಯುಪಿಎಸ್ಸು ಧಾರಾವಾಹಿ ಮುಗಿಯುವ ಮುಂಚೆಯೇ ಕಣ್ಣು ಮುಚ್ಚುತ್ತಿದೆ ಅಂತ ಫೋನ್ ಮಾಡಿದರು. ನಾನು ಏಣಿ ಮೇಲಿದ್ದೆ. ಅಲ್ಲಿಂದಲೇ ಹೇಳಿದೆ, ಬ್ಯಾಟರಿ ಸ್ವಲ್ಪ ಸುಸ್ತಾಗಿದೆ ಸಾರ್, ನೀರು ಬತ್ತಿರುತ್ತೆ, ಬ್ಯಾಟರಿ ನೀರು ತಂದು ಹಾಕಿ. ಬ್ಯಾಟರಿ ನೀರು ಅಂದರೇನು ಅಂತ ಕೇಳಿದರು. ಉಪ್ಪು, ಮಣ್ಣು, ನಲ್ಲಿ, ನೆಲ ಯಾವುದೂ ಸೋಕದ ಶುದ್ಧವಾದ ನೀರು ಅಂದೆ.

"ನೆಲ ಸೋಕಲೇಬಾರದಾ?"

"ಸೋಕಲೇಬಾರದು ಸಾರ್."

"ಗೊತ್ತಾಯ್ತು ಬಿಡಿ" ಅಂತ ಫೋನ್ ಇಟ್ಟರು. ಗೊತ್ತಾಯ್ತು ಅಂತ ಅವರು ಅಂದಾಗಲೇ ನಾನು ಏಣಿಯಿಂದ ಇಳಿಯಬೇಕಿತ್ತು.

ವಾರ ಕಳೆದು ಹೋಗಿ ನೋಡಿದರೆ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. ಮುಚ್ಚಳ ತೆಗೆದರೆ ಹುಳಿ ಹುಳಿ ವಾಸನೆ. ಏನು ಹಾಕಿದಿರಿ ಸಾರ್ ಅಂದೆ. ಅವರು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎಳನೀರಿನ ಬುರುಡೆಗಳು ಸಾಲಾಗಿ ಬಿದ್ದಿದ್ದವು. ಗುಬ್ಬಿಯಿಂದ ಬಂದ ಒಳ್ಳೇ ಜಾತಿಯ ಕಾಯಂತೆ. ಕೆತ್ತಿಸಿ, ಬಿಳೀ ಬಟ್ಟೆಯಲ್ಲಿ ಶೋಧಿಸಿ, ಒಂದೊಂದು ತೂತಿಗೂ ಸಮನಾಗಿ ಹುಯ್ದಿದ್ದರು.

"ಮರದ ತುದೀಲಿ, ಚಿಪ್ಪಿನೊಳಗೆ ಸೀಲಾಗಿರೋ ನೀರು. ನೆಲ ಎಲ್ಲಿ ಸೋಕುತ್ತೆ ಹೇಳಿ?" ಅಂದರು.

ಬ್ಯಾಟರಿಗೆ ಯಾರಾದರೂ ಎಳನೀರು ಕುಡಿಸುತ್ತಾರಾ ಸಾರ್ ಅಂದೆ. ಅವರಿಗೆ ಬೇಜಾರಾಯಿತು. "ಸುಸ್ತಾಗಿದೆ ಅಂದೋರು ನೀವೇ ತಾನೇ? ನಮ್ಮನೇಲಿ ಸುಸ್ತಾದೋರಿಗೆ ಮೊದ್ಲಿಂದಲೂ ಅದನ್ನೇ ಕೊಡೋದು."

ಅಷ್ಟರಲ್ಲಿ ಒಳಗಿನಿಂದ ಅವರ ಮನೆಯವರ ದನಿ ಬಂತು: "ನಾನು ಆವತ್ತೇ ಬಡ್ಕೊಂಡೆ ಕಣ್ರೀ, ಒಂದು ಚಮಚ ಗ್ಲೂಕೋಸ್ ಸೇರಿಸಿ ಅಂತ. ನನ್ ಮಾತು ಯಾರು ಕೇಳ್ತಾರೆ?"

ಚಟ್ನಿಯ ಸಿಗ್ನಲ್ಲು

ಹೊಸ ಬ್ಯಾಟರಿ ಇಟ್ಟು, ಅದಕ್ಕೆ ಪಥ್ಯವನ್ನೂ ಹೇಳಿ ಗುಬ್ಬಿಗೆ ಹೊರಡೋಣ ಅಂದುಕೊಂಡರೆ ಕ್ಯಾತ್ಸಂದ್ರದಿಂದ ಕರೆ. ಅಲ್ಲಿ ನಾನು ಬೆಳಗಿನ ತಿಂಡಿ ತಿನ್ನುವ ತಟ್ಟೆ ಇಡ್ಲಿ ಹೋಟೆಲು. ಹೋಟೆಲಿನ ಯಜಮಾನನಿಗೆ ಒಂದು ಕಾಯಿಲೆ, ಅಂದರೆ ಅವನ ಲೈನಿಗೆ. ಹಿಂದಿನ ರೂಮಿನಲ್ಲಿ ಗ್ರೈಂಡರ್ ಹಾಕಿದ ತಕ್ಷಣ ಮುಂದಿನ ಲೈಟುಗಳೆಲ್ಲ ಒಂದೇ ಸಲ ತಲೆ ತಗ್ಗಿಸುತ್ತವೆ. ದೊಡ್ಡ ಮೋಟಾರು, ಸಣ್ಣ ವೈರು. ಮೋಟಾರು ಏಳುವಾಗ ಒಂದು ಗುಟುಕಿಗೆ ಎಲ್ಲ ಕರೆಂಟನ್ನೂ ಎಳೆದುಕೊಳ್ಳುತ್ತೆ, ಉಳಿದವರಿಗೆ ತಳ ಕೆರೆಯೋದೇ ಗತಿ. ಫ್ರಿಜ್ಜು ಎರಡು ಸಲ ಕೆಟ್ಟಿತ್ತು, ಬಿಲ್ಲು ಹಾಕುವ ಕಂಪ್ಯೂಟರು ಇಡ್ಲಿಯ ಲೆಕ್ಕವನ್ನೇ ಮರೆತುಬಿಡುತ್ತಿತ್ತು.

ನನಗಿದು ಎಡಗೈ ಕೆಲಸ. ಗ್ರೈಂಡರಿಗೆ ಬೇರೆ ದಪ್ಪ ವೈರು ಎಳೆದು, ಮೋಟಾರು ಮೆಲ್ಲಗೆ ಏಳುವ ಹಾಗೆ ಒಂದು ಪೆಟ್ಟಿಗೆ ಕೂರಿಸಿದೆ. ಆಮೇಲೆ ಗ್ರೈಂಡರ್ ಹಾಕಿದರೆ ಒಂದು ಬಲ್ಬೂ ಕಣ್ಣು ಮಿಟುಕಿಸಲಿಲ್ಲ. ಯಜಮಾನ ನನಗೆ ಬೆಣ್ಣೆ ಹಾಕಿಸಿ ಇಡ್ಲಿ ಕೊಟ್ಟ. ಆ ಬೆಣ್ಣೆಯ ಗಾತ್ರ ನೋಡಿ ಪಕ್ಕದವರು ಎದ್ದು ನಿಂತರು.

ಮೂರನೇ ದಿನ ಅವನೇ ಫೋನ್ ಮಾಡಿ, ಬನ್ನಿ ಅಣ್ಣ, ಗಲಾಟೆ ಆಗ್ತಿದೆ ಅಂದ. ಓಡಿದೆ. ಖಾಯಂ ಗಿರಾಕಿಗಳೆಲ್ಲ ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ. ಏನಾಯಿತು ಅಂದರೆ, ಇಷ್ಟು ವರ್ಷ ಲೈಟು ಡಿಮ್ಮಾದರೆ ಒಳಗೆ ಹೊಸ ಚಟ್ನಿ ರುಬ್ಬುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ಪೇಪರ್ ಓದುತ್ತಾ ಕೂತವರು ಲೈಟು ತಗ್ಗಿದ್ದನ್ನು ನೋಡಿ ಆಮೇಲೆ ಇಡ್ಲಿ ಹೇಳುತ್ತಿದ್ದರು. ಈಗ ಹಳೇ ಚಟ್ನಿ ಯಾವಾಗ ಮುಗಿದು ಹೊಸದು ಯಾವಾಗ ಬಂತು ಅನ್ನೋದೇ ತಿಳಿಯುತ್ತಿಲ್ಲ. ಒಬ್ಬರು ಹಿರಿಯರಂತೂ ನನ್ನನ್ನು ನೋಡಿದ ಕೂಡಲೇ, "ಇವ್ರೇ ಏನಪ್ಪಾ ಲೈಟ್ ಕೆಡಿಸ್ದೋರು?" ಅಂದರು.

ಕೆಡಿಸಿದ್ದಲ್ಲ ಸ್ವಾಮಿ, ಸರಿ ಮಾಡಿದ್ದು ಅಂತ ವೋಲ್ಟೇಜಿನ ವಿಷಯ ಎಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇರ್ಲಿ, ಚಟ್ನಿ ಯಾವಾಗ ಬರುತ್ತೆ?" ಅಂದರು.

ಕೊನೆಗೆ ಗಲ್ಲಾದ ಮೇಲಿನ ಒಂದು ಬಲ್ಬಿಗೆ ಫ್ಯಾನಿನ ರೆಗ್ಯುಲೇಟರಿನಂಥದ್ದನ್ನು ಕಟ್ಟಿಕೊಟ್ಟೆ. ಒಳಗೆ ರುಬ್ಬಲು ಶುರು ಮಾಡಿದಾಗ ಯಜಮಾನ ಇಲ್ಲಿ ಕೈಯಿಂದ ತಿರುಗಿಸಿ ಬಲ್ಬನ್ನು ತಗ್ಗಿಸುತ್ತಾನೆ, ಅಲ್ಲಿ ಆರ್ಡರುಗಳು ಏಳುತ್ತವೆ. ಕರೆಂಟಿನ ಕಾಯಿಲೆ ವಾಸಿ ಮಾಡುವವರು ದೇಶದ ತುಂಬ ಸಿಗುತ್ತಾರೆ. ವಾಸಿ ಮಾಡಿದ ಮೇಲೆ ಗಿರಾಕಿಗಳ ಒತ್ತಾಯಕ್ಕೆ ಅದೇ ಕಾಯಿಲೆಯನ್ನು ವಾಪಸ್ ಬರಿಸಿ ಕೊಟ್ಟವನು ನಾನೊಬ್ಬನೇ.

ನೂರಕ್ಕೆ ನೂರು

ಯುಗಾದಿ ಹತ್ತಿರ ಬರುತ್ತಿತ್ತು. ಭಾವ ಇನ್ನೊಂದು ಸಲ ಫೋನ್ ಮಾಡಿ, ಟಿ.ಸಿ. ಮುಟ್ಟಿದರೆ ಕೈ ಸುಡುತ್ತೆ ಅಂದ. ಮುಟ್ಟಬೇಡಪ್ಪ ಅಂದೆ. ಆದರೆ ಮಾರ್ಕೋನಹಳ್ಳಿ ಹತ್ತಿರ ಒಬ್ಬ ರೈತರ ಮೋಟಾರು ಪ್ಯಾನಲ್ಲು ಮೊದಲೇ ಒಪ್ಪಿಕೊಂಡ ಕೆಲಸ, ಬಿಡುವಂತಿಲ್ಲ. ಮುಗಿಸಿ ಬರುವಾಗ ಕುಣಿಗಲ್ಲಿನಲ್ಲಿ ಕತ್ತಲಾಗುತ್ತಿತ್ತು, ಮೇಷ್ಟ್ರ ಮನೆಗೆ ನುಗ್ಗಿದೆ. ಶತ್ರುವಿನ ಪಾಳೆಯ ಒಂದು ಸಲ ನೋಡಿಬರೋಣ ಅಂತ.

ನಮ್ಮ ಮೇಷ್ಟ್ರು ಛಾವಣಿ ತುಂಬ ಸೋಲಾರ್ ಹಾಕಿಸಿ, ಬೀರು ಗಾತ್ರದ ಲಿಥಿಯಂ ಬ್ಯಾಟರಿ ಇಡಿಸಿದ್ದಾರೆ. ನನ್ನ ಅಂಗಡಿಯಿಂದಲ್ಲ. ಸಂಬಂಧಿಕರ ಹತ್ತಿರ ತಗೊಂಡರೆ ಬೈಯೋಕೆ ಆಗಲ್ಲವಂತೆ. ನಾನು ಹೋದಾಗ ಬೀದಿಯಲ್ಲೆಲ್ಲ ಕರೆಂಟಿರಲಿಲ್ಲ. ಒಳಗೆ ಹೋದರೆ ಮೇಷ್ಟ್ರು ಮೇಣದಬತ್ತಿ ಮುಂದೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಾರೆ.

ನನಗೆ ಒಳಗೊಳಗೇ ಸಂತೋಷವಾಯಿತು. "ಏನ್ ಮೇಷ್ಟ್ರೇ, ಬ್ಯಾಟರಿ ಕೈ ಕೊಡ್ತಾ?"

"ಕೈ ಕೊಡೋದಾ? ನೋಡಿ ಅಣ್ಣ" ಅಂತ ಮೊಬೈಲು ತೋರಿಸಿದರು. ಅದರಲ್ಲಿ ಹಸಿರು ಬಣ್ಣದಲ್ಲಿ ನೂರಕ್ಕೆ ನೂರು.

ಮತ್ತೆ ಮೇಣದಬತ್ತಿ ಯಾಕೆ ಅಂದೆ. ಲೈಟು ಹಾಕಿದರೆ ಬ್ಯಾಟರಿ ಖರ್ಚಾಗುತ್ತಲ್ಲ ಅಂದರು. ಕರೆಂಟು ಹೋದಾಗ ಬೇಕು ಅಂತ ತಾನೇ ಇಡಿಸಿದ್ದು ಅಂದೆ.

"ಹೌದು. ಆದ್ರೆ ಇದು ಮಾಮೂಲಿ ಹೋಗಿರೋದು ಅಣ್ಣ. ದೊಡ್ಡದಾಗಿ ಒಂದಿನ ಹೋಗುತ್ತೆ ನೋಡಿ, ಆವತ್ತಿಗೆ ಅಂತ ಇಟ್ಟಿದೀನಿ."

ನಾದಿನಿ ಕತ್ತಲಲ್ಲಿ ತಡಕಾಡಿಕೊಂಡು ಕಾಫಿ ತಂದಳು. "ಭಾವ, ನಾನು ಮಿಕ್ಸಿ ಹಾಕಿದ್ರೆ ಇವ್ರಿಗೆ ಎದೆ ಹೊಡ್ಕೊಳುತ್ತೆ. ತೊಂಬತ್ತೊಂಬತ್ತಕ್ಕೆ ಇಳೀತು ಅಂದ್ರೆ ಆವತ್ತು ಊಟ ಸೇರಲ್ಲ. ಮಕ್ಕಳ ಮಾರ್ಕ್ಸು ಇಳಿದ್ರೂ ಇಷ್ಟು ಬೇಜಾರು ಮಾಡ್ಕೊಂಡಿಲ್ಲ" ಅಂದಳು. ಬ್ಯಾಟರಿ ಯಾವಾಗಲೂ ತುಂಬಿಯೇ ಇರೋದರಿಂದ ಹಗಲಿನ ಬಿಸಿಲು ಛಾವಣಿಯವರೆಗೂ ಬಂದು, ಒಳಗೆ ಜಾಗ ಇಲ್ಲ ಅಂತ ವಾಪಸ್ಸು ಹೋಗುತ್ತಿದೆ. ಹೀಗೆ ಬಿಸಿಲನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವ ಮನೆ ಜಿಲ್ಲೆಯಲ್ಲಿ ಇನ್ನೊಂದಿರಲಾರದು.

ಮಾತು ಅತ್ತೆಯ ಊರಿಗೆ ಬಂತು. ಮೇಷ್ಟ್ರು ಮೇಣದಬತ್ತಿಯ ಬೆಳಕಿನಲ್ಲಿ ಒಂದು ಥರ ನಕ್ಕರು. "ಅತ್ತೆ ಮನಸ್ಸಲ್ಲಿ ಯಾರಿಗೆ ಯಾವ ಜಾಗ ಇದೆ ಅಂತ ನಂಗೊಬ್ಬನಿಗೇ ಗೊತ್ತು ಬಿಡಿ ಅಣ್ಣ. ಹೇಳೋ ಹಾಗಿಲ್ಲ." ಪಾಪ ಅನ್ನಿಸಿ ನಾನೂ ನಕ್ಕೆ. ಯಾಕೆಂದರೆ ನಿಜ ಗೊತ್ತಿದ್ದವನು ನಾನೊಬ್ಬನೇ. ಇಬ್ಬರೂ ಹಾಗೇ ಸ್ವಲ್ಪ ಹೊತ್ತು ನಗುತ್ತಾ ಕೂತೆವು.

ಆಮೇಲೆ ಅವರು ತಮ್ಮ ಪ್ಲಾನು ಬಿಚ್ಚಿದರು. ಆ ಊರಿನ ಟಿ.ಸಿ. ಪಕ್ಕದಲ್ಲಿ ಇಂಥದ್ದೇ ಒಂದು ದೊಡ್ಡ ಬ್ಯಾಟರಿ ಇಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತ. ಇಡಿಸಬಹುದು ಮೇಷ್ಟ್ರೇ ಅಂದೆ. "ಇಡಿಸಿ, ಊರಿಗೆಲ್ಲ ಮೇಣದಬತ್ತಿ ನೀವೇ ಹಂಚ್ತೀರಾ?"

ನಾ ಮುಂದು ನೀ ಹಿಂದು

ಕೊನೆಗೂ ಅತ್ತೆಯ ಊರು ಮುಟ್ಟಿದೆ. ಕಾಯಿಲೆ ಏನು ಅಂತ ಒಂದೇ ಬೆಳಗಿಗೆ ಗೊತ್ತಾಯಿತು. ಅಲ್ಲಿ ತೋಟಗಳಿಗೆ ತ್ರೀ ಫೇಸ್ ಕರೆಂಟು ಬೆಳಗ್ಗೆ ಬರುತ್ತೆ. ಆ ಹೊತ್ತಿಗೆ ಗಂಡಸರೆಲ್ಲ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿರುತ್ತಾರೆ. ಅದಕ್ಕೇ ಎಲ್ಲರೂ ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದ ಗಳಿಗೆಗೇ ಊರಿನ ಅಷ್ಟೂ ಮೋಟಾರುಗಳು ಒಟ್ಟಿಗೆ ಎದ್ದು ನಿಲ್ಲೋಕೆ ನೋಡುತ್ತವೆ. ಕ್ಯಾತ್ಸಂದ್ರದಲ್ಲಿ ಒಂದು ಗ್ರೈಂಡರ್ ಮಾಡಿದ ಕೆಲಸವನ್ನು ಇಲ್ಲಿ ಊರಿನ ಬೋರ್‌ವೆಲ್ಲುಗಳೆಲ್ಲ ಸೇರಿ ಮಾಡುತ್ತಿದ್ದವು. ಮನೆಗಳಿಗೂ ಅದೇ ಟಿ.ಸಿ.ಯ ಕರೆಂಟೇ, ಮಕಾಡೆ ಮಲಗಿದ ವೋಲ್ಟೇಜು ರಾತ್ರಿಯಾದರೂ ಏಳಲ್ಲ, ಯಾವ ಮೋಟಾರೂ ಪೂರ್ತಿ ಏಳದೆ ಮುಲುಗುತ್ತಾ ಇನ್ನಷ್ಟು ಎಳೆಯುತ್ತೆ, ಮೇಲೆ ಟಿ.ಸಿ. ಒಳಗಿನ ಎಣ್ಣೆ ಬೋಂಡ ಕರಿಯುವಷ್ಟು ಕಾಯುತ್ತೆ. ಸಾಲದ್ದಕ್ಕೆ, ಮೋಟಾರಿನ ಎಳೆತ ತಗ್ಗಿಸುವ ಕೆಪಾಸಿಟರೇ ಕರೆಂಟು ಕುಡಿಯುತ್ತೆ ಅಂತ ಯಾರೋ ಹೇಳಿದರಂತೆ, ಎಲ್ಲರೂ ಅದನ್ನು ಕಿತ್ತು ಕೊಟ್ಟಿಗೆಯಲ್ಲಿ ನೇತು ಹಾಕಿದ್ದರು.

ಸಂಜೆ ಡೈರಿ ಮುಂದೆ ಸಭೆ ಸೇರಿಸಿದೆ. ಮದುವೆ ಮನೆ ಊಟದ ಲೆಕ್ಕದಲ್ಲಿ ಹೇಳಿದೆ. ಬಾಗಿಲು ತೆಗೆದ ತಕ್ಷಣ ಊರಿಗೆ ಊರೇ ನುಗ್ಗಿದರೆ ಎಲೆ ಹರಿಯುತ್ತೆ, ಸಾರು ಚೆಲ್ಲುತ್ತೆ, ಯಾರಿಗೂ ಊಟ ಆಗಲ್ಲ. ಪಂಕ್ತಿ ಪಂಕ್ತಿಯಾಗಿ ಕೂತರೆ ಎಲ್ಲರಿಗೂ ಹೋಳಿಗೆ. ಹಾಗೇ ಒಂದೊಂದು ಮೋಟಾರಿಗೂ ಟೈಮರ್ ಹಾಕೋಣ, ಒಂದು ಎದ್ದು ಸುಧಾರಿಸಿಕೊಂಡ ಮೇಲೆ ಇನ್ನೊಂದು ಏಳಲಿ, ಕೊನೆಯದಕ್ಕೂ ಹತ್ತು ನಿಮಿಷಕ್ಕಿಂತ ತಡ ಆಗಲ್ಲ ಅಂದೆ. ಎಲ್ಲರೂ ತಲೆದೂಗಿದರು. ನನ್ನ ಭಾಷಣಕ್ಕೆ ಡೈರಿ ಮುಂದಿನ ಹಸುಗಳೂ ಮೆಲುಕು ನಿಲ್ಲಿಸಿದ್ದವು. ಆಗ ಒಬ್ಬರು ಕೇಳಿದರು, ಮೊದಲ ಪಂಕ್ತಿ ಯಾರದು ಅಂತ.

ಅಲ್ಲಿಗೆ ಸಭೆ ಕೆಟ್ಟಿತು.

ಪಂಚಾಯ್ತಿ ಮಾಜಿ ಮೆಂಬರು ಎದ್ದು ನಿಂತರು. ಈ ಟಿ.ಸಿ.ಯನ್ನು ಊರಿಗೆ ತಂದವರೇ ತಾವು, ತಾವು ಎರಡನೆಯವರಾದರೆ ಜನ ಏನಂದುಕೊಳ್ಳುತ್ತಾರೆ ಅಂದರು. ಟಿ.ಸಿ. ಕಂಬ ನಿಂತಿರೋದು ಯಾರ ಹೊಲದಲ್ಲೋ ಆ ಗೌಡರು ತಿರುಗಿಬಿದ್ದರು: "ಕಂಬ ನಮ್ಮ ಹೊಲ್ದಾಗ್ ನಿಂತೈತೆ. ಮನೇಲೇ ಚಪ್ಪರ ಹಾಕ್ಸಿ ಮನೆಯೋರೇ ಕೊನೇ ಪಂಕ್ತಿಗೆ ಕೂತ್ಕೋಬೇಕಾ?" ಊರಿನ ಮೊಟ್ಟಮೊದಲ ಬೋರು ಕೊರೆಸಿದ ಅಜ್ಜಪ್ಪ ಒಬ್ಬರು, "ನಮ್ ಬೋರಲ್ಲಿ ನೀರ್ ಬಿದ್ದಾಗ ನಿಮ್ಮಪ್ಪಂದ್ರು ಬಿಂದಿಗೆ ತಂದು ತಗೊಂಡ್ ಹೋಗವ್ರೆ ಕಣ್ರಲಾ" ಅಂದರು. ಅದು ನಿಜವೂ ಆಗಿತ್ತು, ಹಾಗಾಗಿ ಯಾರಿಗೂ ಇಷ್ಟವಾಗಲಿಲ್ಲ. ನಮ್ಮ ಭಾವನಾದರೂ ಬಿಟ್ಟುಕೊಟ್ಟಾನು ಅಂದುಕೊಂಡೆ. ಅವನು ನನ್ನ ಪಕ್ಕಕ್ಕೇ ಬಂದು ಮೆಲ್ಲಗೆ, "ಮಾಡ್ತಾ ಇರೋರು ನೀವು. ನಮ್ದು ಕೊನೆಗಾದ್ರೆ ನಿಮ್ ಮರ್ಯಾದೆನೇ ಹೋಗೋದು ಭಾವ" ಅಂದ.

ಚೀಟಿ ಎತ್ತೋಣ ಅಂದೆ. ದೇವರ ಮೇಲೆ ಭಾರ ಹಾಕೋದು ಬೇಡ, ಚೀಟಿ ಬರೆಯೋನು ಯಾರು ಅಂದರು. ದಿನಕ್ಕೊಬ್ಬರು ಮೊದಲು ಅಂದೆ. ಹಾಗಾದರೆ ಸೋಮವಾರ ಯಾರದು ಅಂದರು. ಹಾಗಿದ್ದರೆ ಬೇಡ ಬುಡು, ಎಲ್ಲ ಒಟ್ಟಿಗೇ ಸುಟ್ಟುಹೋಗ್ಲಿ ಅಂತ ಗೌಡರು ಕ್ಯಾನು ಎತ್ತಿಕೊಂಡು ಹೊರಟೇಬಿಟ್ಟರು. ಆ ಊರಿನಲ್ಲಿ ಕತ್ತಲಲ್ಲಿ ಕೂರೋಕೆ ಎಲ್ಲರೂ ತಯಾರು, ಎರಡನೆಯವರಾಗೋಕೆ ಒಬ್ಬರೂ ತಯಾರಿಲ್ಲ.

ಸೋತು ಮನೆಗೆ ಬಂದು ಕುರ್ಚಿಯಲ್ಲಿ ಕೂತೆ. ತಲೆ ಮೇಲೆ ಫ್ಯಾನು ಯೋಚನೆ ಮಾಡಿ ಮಾಡಿ ಒಂದೊಂದು ಸುತ್ತು ಹಾಕುತ್ತಿತ್ತು. ನಾಡಿದ್ದು ಯುಗಾದಿ. ಮೇಷ್ಟ್ರು ಬರುತ್ತಾರೆ, ಮೊಬೈಲಿನಲ್ಲಿ ನೂರಕ್ಕೆ ನೂರು ತೋರಿಸುತ್ತಾರೆ, ನಾನು ಬಾಗಿಲ ಪಕ್ಕದ ಮಡಚುವ ಕುರ್ಚಿಗೆ ಹೋಗುತ್ತೇನೆ. ಅತ್ತೆ ಬೇಳೆ ಆರಿಸುತ್ತಾ ಕೂತಿದ್ದರು. ಏನಾಯಿತು ಅಂತ ಕೇಳಿದರು, ಹೇಳಿದೆ. ಬೇಳೆಯಿಂದ ತಲೆ ಎತ್ತದೆ ಅವರು ಒಂದೇ ಪ್ರಶ್ನೆ ಕೇಳಿದರು: ಕರೆಂಟು ಬರುವಾಗ ಯಾರಾದರೂ ತೋಟದಲ್ಲಿ ಇರುತ್ತಾರಾ ಅಂತ.

ಇಲ್ಲ, ಎಲ್ಲರೂ ಡೈರಿ ಹತ್ತಿರ, ಅವರು ಹಾಲು ಹಾಕಿ ಹೋಗೋ ಹೊತ್ತಿಗೆ ಎಲ್ಲ ಮೋಟಾರೂ ಓಡುತ್ತಿರುತ್ತೆ ಅಂದೆ.

"ಮತ್ತಿನ್ನೇನು? ಒಬ್ಬೊಬ್ರನ್ನೇ ಪಕ್ಕಕ್ಕೆ ಕರೀರಿ. ನೀವೇ ಮೊದಲು, ಯಾರಿಗೂ ಹೇಳ್ಬೇಡಿ, ಉಳಿದೋರು ನೊಂದ್ಕೊತಾರೆ ಅನ್ನಿ. ಆಮೇಲೆ ನಿಮಗೆ ಹೆಂಗೆ ಬೇಕೋ ಹಂಗೆ ಇಟ್ಕೊಳಿ. ನಮ್ಮೋನದ್ದು ಕಟ್ಟಕಡೆಗಿಡಿ, ಅವನಿಗೆ ಊಟ ಬಡಿಸೋದು ಹೆಂಗೂ ನಾನೇ."

ಎಂಥ ತಲೆ ನೋಡಿ. ಇಂಥ ಅತ್ತೆ ನನ್ನನ್ನೇ ಮೊದಲು ಅಂತ ಆರಿಸಿದ್ದರಲ್ಲಿ ಆಶ್ಚರ್ಯವೇನಿದೆ ಅಂತ ನನಗೆ ಹೆಮ್ಮೆಯಾಯಿತು.

ಮಾರನೇ ದಿನ ತೋಟ ತೋಟಕ್ಕೂ ಹೋದೆ. ಕೆಪಾಸಿಟರುಗಳನ್ನು ಕೊಟ್ಟಿಗೆಯಿಂದ ಇಳಿಸಿ ಮತ್ತೆ ಜೋಡಿಸಿದೆ, ಟೈಮರ್ ಕೂರಿಸಿದೆ, ಪೆಟ್ಟಿಗೆಗೆ ಸೀಲು ಹಾಕಿದೆ. ಸೀಲು ಹಾಕುವಾಗ ಆ ಕಡೆ ಈ ಕಡೆ ನೋಡಿ ಕಿವಿಯಲ್ಲಿ ಆ ಮಾತು ಹೇಳಿದೆ. ಗೌಡರು ನನ್ನ ಕೈ ಹಿಡಿದುಕೊಂಡು, ನ್ಯಾಯ ಅನ್ನೋದು ಇನ್ನೂ ಐತೆ ಅಂದರು. ಅಜ್ಜಪ್ಪ ಕಣ್ಣೊರೆಸಿಕೊಂಡರು. ಮಾಜಿ ಮೆಂಬರ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಹೋಗಿ ಟಿ.ಸಿ.ಗೆ ಟಣ್ ಅಂತ ಬಡಿಯಿತು. ಪ್ರತಿಯೊಬ್ಬರೂ ಕೊನೆಗೆ ಕೇಳಿದ್ದು ಒಂದೇ ಮಾತು: "ಪಾಪ, ಕೊನೇಲಿ ಯಾರನ್ನ ಇಟ್ರಿ?" ನಾನು ಎದುರು ತೋಟದ ಕಡೆ ಕಣ್ಣು ಸನ್ನೆ ಮಾಡುತ್ತಿದ್ದೆ. ಅಷ್ಟಕ್ಕೇ ಅವರಿಗೆ ಹೊಟ್ಟೆ ತುಂಬುತ್ತಿತ್ತು.

ಫ್ಯಾನಿನ ಕೆಳಗೆ

ಯುಗಾದಿ ಬೆಳಗ್ಗೆ ಕರೆಂಟು ಬಂತು. ಡೈರಿ ಮುಂದೆ ನಾನೂ ನಿಂತಿದ್ದೆ. ತೋಟಗಳ ಕಡೆಯಿಂದ ಒಂದು ಮೋಟಾರಿನ ಸದ್ದು ಎದ್ದಿತು. ಎಲ್ಲರೂ ಮೀಸೆಯಲ್ಲೇ ನಕ್ಕರು. ಅದು ಅವರವರ ಮೋಟಾರು. ಸ್ವಲ್ಪ ಬಿಟ್ಟು ಇನ್ನೊಂದು ಎದ್ದಿತು, ಆಮೇಲೆ ಮತ್ತೊಂದು. ಪ್ರತಿಯೊಬ್ಬರೂ ಉಳಿದವರನ್ನು ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ಗೌಡರಂತೂ ಆವತ್ತು ಮಾಜಿ ಮೆಂಬರ ಕ್ಯಾನನ್ನು ತಾವೇ ಎತ್ತಿಕೊಟ್ಟರು, ಅಷ್ಟು ಕರುಣೆ. ಟಿ.ಸಿ. ತಣ್ಣಗೆ ಗುಂಯ್‌ಗುಡುತ್ತಿತ್ತು. ಆ ಊರಿನಲ್ಲಿ ಜಗಳವಿಲ್ಲದೆ ಹಾಲು ಅಳೆದ ಮೊದಲ ದಿನ ಅದು ಅಂತ ಡೈರಿಯವನೇ ಹೇಳಿದ.

ಭಾವ ಒಬ್ಬನಿಗೆ ಮಾತ್ರ ಸಣ್ಣ ಅನುಮಾನ ಬಂತು. ಅವನು ಬೇಗ ಹಾಲು ಹಾಕಿ ತೋಟಕ್ಕೆ ಹೋಗಿದ್ದನಂತೆ. "ಭಾವ, ಕರೆಂಟ್ ಬಂದು ಎಷ್ಟೊತ್ತಾದ್ರೂ ನಮ್ದು ಎದ್ದಿರ್ಲಿಲ್ವಲ್ಲ? ಆಮೇಲೆ ಎದ್ದಿದ್ದು" ಅಂದ. ನಾನು ಒಂದು ಗಳಿಗೆಯೂ ತಡವರಿಸಲಿಲ್ಲ. ದೊಡ್ಡವರು ಸಭೆಗೆ ಬಂದ ತಕ್ಷಣ ಬಾಯಿ ಬಿಡುತ್ತಾರಾ ಭಾವ, ಎಲ್ಲರೂ ಸುಮ್ಮನಾದ ಮೇಲೆ ತಾನೇ ಮಾತಾಡೋದು ಅಂದೆ. ಅವನು ಯೋಚಿಸಿ, ಹೌದು ಕಣ್ರಿ ಅಂದ. ಹಬ್ಬದ ದಿನ ಊಟದ ಹೊತ್ತಿಗೂ ಅವನು ಮನೆಯಲ್ಲಿರಲಿಲ್ಲ. ಆ ದೊಡ್ಡ ಮನುಷ್ಯ ಮೋಟಾರನ್ನು ನೋಡಿಕೊಂಡು ತೋಟದಲ್ಲೇ ಕೂತಿದ್ದ.

ಮಧ್ಯಾಹ್ನ ನಡುಮನೆಯಲ್ಲಿ ಎಲೆ ಹಾಕಿದರು. ನಾನು ಸ್ವಿಚ್ ಒತ್ತಿದೆ. ಹೊಗಳಿಕೊಳ್ಳಬಾರದು, ಆದರೆ ಆ ಫ್ಯಾನು ತಿರುಗಿದ ರಭಸಕ್ಕೆ ಕ್ಯಾಲೆಂಡರು ಮುಂದಿನ ಯುಗಾದಿಯವರೆಗೂ ಹಾರಿತು. ಇಷ್ಟು ವರ್ಷ ರೆಕ್ಕೆಯ ಮೇಲೆ ಕೂತು ತಿರುಗಾಡುತ್ತಿದ್ದ ನೊಣಗಳು ಆವತ್ತೇ ಊರು ಬಿಟ್ಟವು. ಮೇಷ್ಟ್ರು ಎಲೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ಒಪ್ಕೊಂಡೆ ಅಣ್ಣ" ಅಂದರು. ಶಿರಾದವರು ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿಕೊಂಡರು.

ಅತ್ತೆ ತುಪ್ಪದ ಗಿಂಡಿ ಹಿಡಿದು ಬಂದರು. ನನಗೆ ಗೆಲುವಿನ ಅಮಲು. ಮನೆಯವರೇ ಇರೋದು ಅಂತ ಊರಿನವರ ಕಿವಿಯಲ್ಲಿ ಹೇಳಿದ ಗುಟ್ಟನ್ನೆಲ್ಲ ನಟನೆ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ಅರ್ಧ ನಕ್ಕು ಹಾಗೇ ನಿಲ್ಲಿಸಿದರು. ನನಗದು ಆಗ ಗಮನಕ್ಕೆ ಬರಲಿಲ್ಲ. ನಾನು ಮುಂದುವರಿದು ಅತ್ತೆಯನ್ನು ಕೇಳಿದೆ.

"ಅಲ್ಲ ಅತ್ತೆ, ನನಗೊಂದೇ ಭಯ. ಯಾವತ್ತಾದ್ರೂ ಒಂದಿನ ಅವ್ರೆಲ್ಲ ಸೇರಿ ಮಾತಾಡ್ಕೊಂಡ್ರೆ, ಗುಟ್ಟು ರಟ್ಟಾಗಲ್ವಾ?"

ಅತ್ತೆ ನನ್ನ ಹೋಳಿಗೆ ಮೇಲೆ ತುಪ್ಪ ಹುಯ್ಯುತ್ತಾ ಹೇಳಿದರು: "ಇಷ್ಟು ವರ್ಷ ಆಯ್ತು. ನೀವು ಮೂವರು ಮಾತಾಡ್ಕೊಂಡ್ರಾ?"

ನಾನು ಮೇಷ್ಟ್ರನ್ನು ನೋಡಿದೆ. ಮೇಷ್ಟ್ರು ಶಿರಾದವರನ್ನು ನೋಡಿದರು. ನೂರಕ್ಕೆ ನೂರು ಇದ್ದ ಮುಖ ಸೊನ್ನೆಗೆ ಇಳಿಯೋದನ್ನು ನಾನು ಕಣ್ಣಾರೆ ಕಂಡೆ. ನನ್ನದು ಎಷ್ಟಕ್ಕೆ ಇಳಿದಿತ್ತೋ ಅವರನ್ನು ಕೇಳಬೇಕು. ಆಗ ಶಿರಾದವರು ಮದುವೆಯಾದಾಗಿನಿಂದ ಮೊದಲ ಸಲ ಊಟಕ್ಕಲ್ಲದೆ ಬಾಯಿ ತೆರೆದರು.

"ಹಂಗಾದ್ರೆ ಅತ್ತೆ, ಮೊದಲು ಯಾರು?"

ಅತ್ತೆ ಅವರ ಎಲೆಗೂ ತುಪ್ಪ ಬಿಟ್ಟರು, ಮೇಷ್ಟ್ರ ಎಲೆಗೂ ಬಿಟ್ಟರು, ಗಿಂಡಿ ಬಗ್ಗಿಸಿ ನೋಡಿದರು.

"ಎಲ್ಲರ ಎಲೆಗೂ ಬಿತ್ತಲ್ಲ? ಸುಮ್ನೆ ಉಣ್ಣಿ."